ಸಮುದ್ರದ ಅಡಿ ರೈಲು ಬಿಡುವ ಮೊದಲು ಸಹಿ ಯಾರದ್ದು ಅಂತ ಕೇಳಿ

ಮಾನ್ಯ ಸಂಪಾದಕರೇ,

ಮುಂಬೈಯಿಂದ ದುಬೈಗೆ ಸಮುದ್ರದ ಅಡಿಯಲ್ಲೇ ರೈಲು ಅಂತ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಅರ್ಧ ಪುಟ ಹಾಕಿದ್ರಲ್ಲ, ಗಾಜಿನ ಬೋಗಿ, ಹೊರಗೆ ತಿಮಿಂಗಿಲ, ಒಳಗೆ ಕಾಲು ಚಾಚಿ ಜ್ಯೂಸ್ ಕುಡಿಯುವ ಜನ, ಅದರ ಬಗ್ಗೆ ನನ್ನದು ಸ್ವಲ್ಪ ಹೇಳ್ಲಿಕ್ಕುಂಟು. ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಮಂಜೇಶ್ವರ ಕಡೆ ಗಲ್ಫಲ್ಲಿ ಒಬ್ಬರಾದ್ರೂ ಇಲ್ಲದ ಮನೆ ಹುಡುಕ್ಬೇಕಾದ್ರೆ ಕಷ್ಟ, ಹಾಗಾಗಿ ಆ ಪುಟದ ಫೋಟೋ ಬೆಳಿಗ್ಗೆ ಎಂಟು ಗಂಟೆಗೆಲ್ಲ ಎಲ್ಲಾ ಫ್ಯಾಮಿಲಿ ಗ್ರೂಪಲ್ಲಿ ಓಡಾಡ್ತಾ ಇತ್ತು, ಹೋಟೆಲಲ್ಲಿ ಅದೇ ಮಾತು, ವಿಮಾನದವರು ಶಾಲೆ ರಜೆ ಬಂದ ಕೂಡ್ಲೇ ಟಿಕೆಟ್ ರೇಟ್ ಏರಿಸಿ ರಕ್ತ ಹೀರ್ತಾರಲ್ಲ ಇನ್ನು ಅವರ ಆಟ ನಡೀಲಿಕ್ಕಿಲ್ಲ ಅಂತ ಒಬ್ಬರು, ಕುಂಬಳೆಯಲ್ಲಿ ಸ್ಟಾಪ್ ಉಂಟಾ ಅಂತ ಇನ್ನೊಬ್ಬರು. ಇದ್ದ ಎಕ್ಸ್‌ಪ್ರೆಸ್ಸಿಗೇ ಸ್ಟಾಪ್ ಕೊಡಿ ಅಂತ ಮನವಿ ಕೊಟ್ಟು ಕೊಟ್ಟು ಸಾಕಾದ ಊರು ನಮ್ಮದು, ಆದ್ರೂ ಆಸೆಗೆ ಬಡತನ ಇಲ್ಲ ನೋಡಿ.

ನಿಮ್ಮ ವರದಿಯಲ್ಲಿ ವೇಗ ಇತ್ತು, ದೂರ ಇತ್ತು, ಎಷ್ಟು ಗಂಟೆಯಲ್ಲಿ ತಲುಪ್ತದೆ ಅಂತಲೂ ಇತ್ತು. ಯಾವ ದೇಶ ಯಾವ ದೇಶದ ಜೊತೆ ಎಂತ ಒಪ್ಪಂದ ಮಾಡಿದೆ, ಯಾರು ಸಹಿ ಹಾಕಿದ್ದಾರೆ, ದುಡ್ಡು ಯಾರದ್ದು, ಸಮುದ್ರದ ಅಡಿಯಲ್ಲಿ ಗಡಿ ಎಲ್ಲಿ ಅನ್ನುವ ಒಂದೇ ಒಂದು ಸಾಲು ಇರ್ಲಿಲ್ಲ. ನನಗೆ ತಕರಾರು ಇರುವುದು ಇಷ್ಟಕ್ಕೇ. ಎರಡು ದೇಶದ ನಡುವಿನ ಸುರಂಗದಲ್ಲಿ ಯಂತ್ರ ಇಳಿಸುವ ಕೆಲಸ ಬರುವುದು ಕೊನೆಗೆ ಮಾರಾಯ್ರೆ, ಅದಕ್ಕೆ ಮೊದಲು ವರ್ಷಗಟ್ಟಲೆ ಕಾಗದದ ಕೆಲಸ ಉಂಟು, ಅದು ಸರಿ ಇಲ್ಲದಿದ್ರೆ ಎಂಥಾ ಇಂಜಿನಿಯರ್ ಬಂದ್ರೂ ಸುರಂಗ ಅರ್ಧದಲ್ಲೇ ನಿಲ್ತದೆ. ಇದು ನನ್ನ ಊಹೆ ಅಲ್ಲ, ಇಂಗ್ಲೆಂಡ್ ಫ್ರಾನ್ಸ್ ನಡುವಿನ ಚಾನೆಲ್ ಸುರಂಗದ ಕತೆ ನೋಡಿದ್ರೆ ಸಾಕು.

ಆ ಸುರಂಗದ ಯೋಚನೆ 1802ರದ್ದು, ಆಲ್ಬೆರ್ ಮಾತ್ಯು ಅನ್ನುವ ಫ್ರೆಂಚ್ ಇಂಜಿನಿಯರ್ ನೆಪೋಲಿಯನ್ ಕಾಲದಲ್ಲೇ ಪ್ಲಾನ್ ಕೊಟ್ಟಿದ್ದ, ಕುದುರೆ ಗಾಡಿ ಹೋಗುವ ಸುರಂಗ, ದೀಪಕ್ಕೆ ಎಣ್ಣೆ. ಆಮೇಲೆ 1880ರ ಹೊತ್ತಿಗೆ ಕೊರೆಯುವ ಯಂತ್ರವೂ ಬಂತು, ಎರಡೂ ಕಡೆಯಿಂದ ಒಂದೂವರೆ ಕಿ.ಮೀ.ಗಿಂತ ಜಾಸ್ತಿ ಕೊರೆದೂ ಆಗಿತ್ತು, ಅಷ್ಟರಲ್ಲಿ ಬ್ರಿಟಿಷ್ ಸೈನ್ಯದ ದೊಡ್ಡ ತಲೆಗಳು, ಮುಖ್ಯವಾಗಿ ಜನರಲ್ ವೂಲ್ಸ್‌ಲಿ, ಇದರಲ್ಲಿ ನಾಳೆ ಫ್ರೆಂಚ್ ಸೈನ್ಯ ನುಗ್ಗಿ ಬಂದ್ರೆ ಎಂತ ಮಾಡುವುದು ಅಂತ ಬೊಬ್ಬೆ ಹಾಕಿ 1882ರಲ್ಲಿ ಕೆಲಸವೇ ನಿಲ್ಲಿಸಿದ್ರು. ಮಣ್ಣು ಒಳ್ಳೇದಿತ್ತು, ಯಂತ್ರ ಒಳ್ಳೇದಿತ್ತು, ನಂಬಿಕೆ ಇರ್ಲಿಲ್ಲ. ಇನ್ನೂ ಮಜಾ ಇರುವುದು 1973ರದ್ದು. ಆಗ ಎರಡು ಮಹಾಯುದ್ಧ ಮುಗಿದು ಇಬ್ಬರೂ ದೋಸ್ತಿಗಳು, ಬ್ರಿಟನ್ ಅದೇ ವರ್ಷ ಯುರೋಪಿನ ಕೂಟಕ್ಕೆ ಸೇರಿದ್ದು, ನವೆಂಬರ್ 17ಕ್ಕೆ ಪ್ರಧಾನಿ ಹೀತ್, ಅಧ್ಯಕ್ಷ ಪೊಂಪಿಡೂ ಇಬ್ಬರೂ ಎದುರಿಗಿದ್ದು ಒಪ್ಪಂದಕ್ಕೆ ಸಹಿ ಆಯ್ತು, ಕೊರೆಯುವ ಕೆಲಸ ಶುರುವೂ ಆಯ್ತು. ಮರುವರ್ಷ ಬ್ರಿಟನ್ನಲ್ಲಿ ಸರಕಾರ ಬದಲಾಯ್ತು, ವಿಲ್ಸನ್ ಬಂದ್ರು, ಎಣ್ಣೆ ಬೆಲೆ ಏರಿ ಖಜಾನೆ ಖಾಲಿ, ಸಂಸತ್ತಲ್ಲಿ ಆ ಒಪ್ಪಂದಕ್ಕೆ ಕೊನೆಯ ಮುದ್ರೆ ಬೀಳ್ಲೇ ಇಲ್ಲ, 1975ರ ಜನವರಿಯಲ್ಲಿ ನಮಗೆ ಬೇಡ ಅಂತ ಬ್ರಿಟನ್ ಒಬ್ಬನೇ ಕೈ ತೊಳಕೊಂಡ. ಫ್ರಾನ್ಸಿನವರಿಗೆ ಎಷ್ಟು ಉರಿದಿರ್ಬೇಡ.

ಇಲ್ಲಿ ಒಂದು ವಿಷಯ ನಿಮ್ಮ ವರದಿಗಾರರಿಗೆ ಖಂಡಿತ ಹೇಳ್ಬೇಕು. ಸಹಿ ಬೇರೆ, ಅದಕ್ಕೆ ಆಮೇಲೆ ಸಂಸತ್ತಿನ ಒಪ್ಪಿಗೆ ಪಡೆದು ಪತ್ರ ಬದಲಾಯಿಸಿಕೊಳ್ಳುವುದು ಬೇರೆ. ಸಹಿ ಹಾಕಿದ ಫೋಟೋ ಎಲ್ಲಾ ಪೇಪರಲ್ಲಿ ಬರ್ತದೆ, ಎರಡನೆಯದ್ದು ಯಾರಿಗೂ ಬೇಡ, ಆದ್ರೆ ಒಪ್ಪಂದ ಕಟ್ಟಿಹಾಕುವುದು ಎರಡನೆಯದ್ದು ಆದ ಮೇಲೆ. ಅದಕ್ಕೇ ಮುಂದಿನ ಸಲ ಅವರು ಹುಷಾರಾದ್ರು. 1986ರ ಫೆಬ್ರವರಿ 12ಕ್ಕೆ ಕ್ಯಾಂಟರ್ಬರಿಯ ದೊಡ್ಡ ಇಗರ್ಜಿಯ ಸಭಾಭವನದಲ್ಲಿ ಬ್ರಿಟನ್ ಪ್ರಧಾನಿ ಥ್ಯಾಚರ್, ಫ್ರಾನ್ಸ್ ಅಧ್ಯಕ್ಷ ಮಿತ್ತರಾಂ ಇಬ್ಬರೂ ಕೂತಿದ್ದ ಹಾಗೆ ವಿದೇಶ ಮಂತ್ರಿಗಳಾದ ಜೆಫ್ರಿ ಹೌ ಮತ್ತು ರೋಲಾಂ ದ್ಯುಮಾ ಸಹಿ ಹಾಕಿದ್ರು, ಅದೇ ಕ್ಯಾಂಟರ್ಬರಿ ಒಪ್ಪಂದ. ಮಾರ್ಚಲ್ಲಿ ಕಟ್ಟುವ ಕಂಪೆನಿಗಳ ಜೊತೆ ಬೇರೆಯೇ ಒಂದು ಗುತ್ತಿಗೆ ಒಪ್ಪಂದ, 1987ರ ಜುಲೈಯಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆ, ಅದೇ ತಿಂಗಳ 29ಕ್ಕೆ ಎರಡೂ ದೇಶ ಅನುಮೋದನೆ ಪತ್ರ ಬದಲಾಯಿಸಿಕೊಂಡದ್ದು. ಕೊರೆಯುವ ಯಂತ್ರ ಸಮುದ್ರದ ಅಡಿಗೆ ಜೋರು ಹೊರಟದ್ದು ಇಷ್ಟೆಲ್ಲ ಆದ ಮೇಲೆಯೇ.

ಆ ಕ್ಯಾಂಟರ್ಬರಿ ಒಪ್ಪಂದ ನಾನು ಕೂತು ಓದಿದ್ದೇನೆ, ಓದ್ಲಿಕ್ಕೆ ನೆಟ್ಟಲ್ಲಿ ಸಿಗ್ತದೆ, ಭಾಷೆ ಒಣ, ವಿಷಯ ಭಾರೀ ಲಾಯ್ಕ. ಮೊದಲನೇದಾಗಿ ಗಡಿ. ಸಮುದ್ರದ ಮೇಲೆ ಗಡಿ ಗೆರೆ ಅಂದ್ರೆ ನಮಗೆ ಗೊತ್ತುಂಟು, ಸಮುದ್ರದ ತಳಕ್ಕಿಂತ ನಲ್ವತ್ತೈವತ್ತು ಮೀಟರ್ ಕೆಳಗೆ ಮಣ್ಣಿನೊಳಗೆ ಗಡಿ ಎಲ್ಲಿ? ಅವರು ಎಂತ ಮಾಡಿದ್ರು ಅಂದ್ರೆ 1982ರಲ್ಲೇ ಸಮುದ್ರ ತಳಕ್ಕೆ ಒಂದು ಗೆರೆ ಒಪ್ಪಿಕೊಂಡಿದ್ರು, ಅದನ್ನೇ ನೇರ ಕೆಳಗೆ ಇಳಿಸಿ ಸುರಂಗದೊಳಗೆ ಗಡಿ ಅದೇ ಅಂತ ಬರೆದ್ರು, ಗುರುತು ಹಾಕುವ ಕೆಲಸ ಎರಡೂ ಸರಕಾರದ ಜಂಟಿ ಆಯೋಗಕ್ಕೆ. ಸುರಂಗ ಕೊರೆಯುವಾಗ ಬೆಲೆಬಾಳುವ ಎಂತಾದ್ರೂ ಸಿಕ್ಕಿದ್ರೆ ಯಾರಿಗೆ ಅಂತ ಕೂಡ ಬರೆದಿದ್ದಾರೆ, ಯಾರ ಭಾಗದಲ್ಲಿ ಸಿಕ್ತೋ ಆ ದೇಶದ ಕಾನೂನು. ನಮ್ಮಲ್ಲಿ ಬಾವಿ ತೋಡುವಾಗ ನಿಧಿ ಸಿಕ್ಕಿದ್ರೆ ಯಾರಿಗೆ ಅಂತ ಅಣ್ಣತಮ್ಮಂದಿರು ಮೊದಲೇ ಮಾತಾಡಿಕೊಳ್ಳುವುದು ಎಲ್ಲಿ ಉಂಟು.

ಇನ್ನೊಂದು ಕಲಮು ಉಂಟು, ಅದು ಓದಿ ನನಗೆ ಇದನ್ನು ಬರೆದವರ ತಲೆಗೆ ಕೈಮುಗೀಬೇಕು ಅಂತ ಆಯ್ತು. ಇಂಗ್ಲೆಂಡಿನ ಕಡೆಯ ಯಂತ್ರ ಕೊರೀತಾ ಕೊರೀತಾ ಗಡಿ ಗೆರೆ ದಾಟಿ ಫ್ರಾನ್ಸಿನ ಪಾಲಿನ ಮಣ್ಣಿಗೆ ಹೋಯ್ತು ಅಂತ ಇಟ್ಟುಕೊಳ್ಳಿ, ಆ ಕಡೆಯ ಸುರಂಗ ಇನ್ನೂ ಬಂದು ಸೇರಿಲ್ಲ, ಆಗ ಅಲ್ಲಿ ಒಬ್ಬ ಕೆಲಸಗಾರನಿಗೆ ಪೆಟ್ಟಾದ್ರೆ, ಇಬ್ಬರಿಗೆ ಹೊಡೆದಾಟ ಆದ್ರೆ ಯಾವ ದೇಶದ ಪೊಲೀಸು, ಯಾವ ದೇಶದ ಕೋರ್ಟು? ಫ್ರೆಂಚ್ ಪೊಲೀಸ್ ಅಲ್ಲಿಗೆ ಹೋಗ್ಬೇಕಾದ್ರೆ ಇಂಗ್ಲೆಂಡಿಗೆ ಬಂದು ಅಲ್ಲಿಂದಲೇ ಇಳೀಬೇಕಲ್ಲ. ಅದಕ್ಕೆ ಒಪ್ಪಂದದಲ್ಲಿ ಬರೆದದ್ದು, ಎರಡೂ ಕಡೆಯ ಸುರಂಗ ನಿಜವಾಗಿ ಕೂಡುವವರೆಗೆ ಗಡಿ ದಾಟಿದ ಭಾಗಕ್ಕೂ ಹೊರಟ ದೇಶದ್ದೇ ಕಾನೂನು, ಕೂಡಿದ ಮೇಲೆ ಗೆರೆಯ ಪ್ರಕಾರ. ಇದು ಸುಮ್ಮನೆ ವಕೀಲರ ಚಮತ್ಕಾರ ಅಲ್ಲ, ಹಾಗೆಯೇ ಆಯ್ತು ಕೂಡ, 1990ರ ಡಿಸೆಂಬರ್ 1ಕ್ಕೆ ಮಧ್ಯದ ಸರ್ವಿಸ್ ಸುರಂಗದಲ್ಲಿ ಗ್ರಹಾಮ್ ಫ್ಯಾಗ್, ಫಿಲಿಪ್ ಕೋಜೆಟ್ ಅನ್ನುವ ಇಬ್ಬರು ಕೆಲಸಗಾರರು ತೂತಿನಲ್ಲಿ ಕೈಕುಲುಕಿದ ಜಾಗಕ್ಕೆ ಇಂಗ್ಲೆಂಡಿನ ದಡದಿಂದ ಸುಮಾರು 22 ಕಿ.ಮೀ., ಫ್ರಾನ್ಸಿನ ದಡದಿಂದ ಸುಮಾರು 16 ಕಿ.ಮೀ. ದೂರ, ಅಂದ್ರೆ ಇಂಗ್ಲಿಷರ ಯಂತ್ರ ನಡುಮಧ್ಯ ದಾಟಿ ಸುಮಾರು ಹೋಗಿತ್ತು. ಎರಡು ಕಡೆಯ ಕೊರೆತ ಅರ್ಧ ಮೀಟರೂ ತಪ್ಪದೆ ಕೂಡಿತು ಅಂತ ಎಲ್ಲರೂ ಹೊಗಳ್ತಾರೆ, ಹೊಗಳ್ಬೇಕಾದದ್ದೇ, ಈ ಕಲಮನ್ನು ಹೊಗಳಿದವರನ್ನು ಮಾತ್ರ ನಾನು ಕಂಡಿಲ್ಲ.

ಮತ್ತೆ ಪೊಲೀಸ್, ಕಸ್ಟಮ್ಸ್, ಪಾಸ್‌ಪೋರ್ಟ್. ರೈಲು ಸಮುದ್ರದ ಅಡಿ ಹೋಗ್ತಾ ಇರುವಾಗ ಪಾಸ್‌ಪೋರ್ಟ್ ನೋಡುವುದು ಕಷ್ಟ, ಇಳಿದ ಮೇಲೆ ನೋಡಿ ಬೇಡ ಅಂದ್ರೆ ವಾಪಾಸು ಕಳಿಸುವುದು ಇನ್ನೂ ಕಷ್ಟ. ಅದಕ್ಕೆ 1991ರ ನವೆಂಬರಲ್ಲಿ ಫ್ರಾನ್ಸಿನ ಸಾಂಗಾತ್ ಅನ್ನುವ ಊರಲ್ಲಿ ಬೇರೆಯೇ ಒಂದು ಪ್ರೋಟೋಕಾಲಿಗೆ, ಅಂದ್ರೆ ಪೂರಕ ಒಪ್ಪಂದಕ್ಕೆ, ಸಹಿ ಹಾಕಿದ್ರು. ಅದರ ಪ್ರಕಾರ ಫ್ರೆಂಚ್ ಪೊಲೀಸರು ಇಂಗ್ಲೆಂಡಿನ ಫೋಕ್‌ಸ್ಟೋನಲ್ಲಿ ಕೂತು ತಪಾಸಣೆ ಮಾಡ್ತಾರೆ, ಬ್ರಿಟಿಷ್ ಅಧಿಕಾರಿಗಳು ಫ್ರಾನ್ಸಿನ ಕೊಕೆಲ್ಲಿನಲ್ಲಿ ಕೂತು ಮಾಡ್ತಾರೆ, ಅಂದ್ರೆ ಹತ್ತುವ ಮೊದಲೇ ಎರಡೂ ದೇಶದ ಕೆಲಸ ಮುಗೀತದೆ, ರೈಲಿನಲ್ಲಿ ಕಾರು ತಂದವರು ಇಳಿದು ಅದನ್ನು ಬಿಟ್ಟುಕೊಂಡು ಸೀದಾ ಹೋಗುವುದು. ಬೇರೆ ದೇಶದ ಯೂನಿಫಾರ್ಮ್ ಹಾಕಿದವನು ನಮ್ಮ ಮಣ್ಣಿನಲ್ಲಿ ನಿಂತು ತನ್ನ ದೇಶದ ಕಾನೂನಿನಲ್ಲಿ ಒಬ್ಬನನ್ನು ಹಿಡಿಯಬಹುದು ಅಂದ್ರೆ ಎಷ್ಟು ದೊಡ್ಡ ಮಾತು ಅಂತ ಯೋಚನೆ ಮಾಡಿ. ಕೇರಳ ಕರ್ನಾಟಕ ಗಡಿಯ ತಲಪಾಡಿ ಗೇಟಿನ ಈಚೆ ಮಂಗಳೂರಿನ ಪೊಲೀಸ್ ಬಂದು ಗಾಡಿ ನಿಲ್ಲಿಸಿದ್ರೆ ನಮ್ಮಲ್ಲಿ ಆ ದಿವಸವೇ ಮೆರವಣಿಗೆ ಆಗ್ತದೆ. 2000ದಲ್ಲಿ ಇನ್ನೊಂದು ಹೆಚ್ಚುವರಿ ಪ್ರೋಟೋಕಾಲ್ ಮಾಡಿ ಇದೇ ಪದ್ಧತಿಯನ್ನು ಲಂಡನ್, ಪ್ಯಾರಿಸಿನ ಸ್ಟೇಷನ್ನಿಗೂ ತಂದ್ರು. ಹುಚ್ಚುನಾಯಿ ರೋಗದ ಹೆದರಿಕೆ ಬೇರೆ ಇತ್ತು ಆಯ್ತಾ, ಬ್ರಿಟನ್ನಲ್ಲಿ ಆ ರೋಗ ಇರ್ಲಿಲ್ಲ, ಯುರೋಪಿನ ನರಿ ಸುರಂಗದಲ್ಲಿ ನಡಕೊಂಡು ಬಂದು ತಂದ್ರೆ ಅಂತ ಅದಕ್ಕೂ ಬೇಲಿ, ಅದಕ್ಕೂ ಕಾನೂನು.

ಇಷ್ಟೆಲ್ಲ ಬರೆದಿಟ್ಟರೂ ಜಗಳ ಬಂತು. 1999ರಲ್ಲಿ ಅದೇ ಸಾಂಗಾತಲ್ಲಿ ನಿರಾಶ್ರಿತರಿಗೆ ಅಂತ ಒಂದು ಶಿಬಿರ ತೆರೆದ್ರು, ಅಲ್ಲಿಂದ ರಾತ್ರಿ ರಾತ್ರಿ ಜನ ಬೇಲಿ ಹಾರಿ ರೈಲಿಗೆ ನೇತಾಡಿ ಇಂಗ್ಲೆಂಡಿಗೆ ಹೋಗ್ಲಿಕ್ಕೆ ನೋಡುವುದು, ಪ್ರಾಣ ಹೋದವರೂ ಇದ್ದಾರೆ ಪಾಪ, ಸುರಂಗದ ಕಂಪೆನಿಗೆ ರೈಲು ನಿಲ್ಲಿಸಿ ನಿಲ್ಲಿಸಿ ನಷ್ಟ. ಕಂಪೆನಿ ಎಂತ ಮಾಡಿತು, ಎರಡೂ ಸರಕಾರದ ಮೇಲೆ ಕೇಸ್ ಹಾಕಿತು, ಯಾವುದೇ ಒಂದು ದೇಶದ ಕೋರ್ಟಿಗೆ ಹೋಗ್ಲಿಲ್ಲ, ಯಾಕಂದ್ರೆ ಜಗಳ ಆದ್ರೆ ಮಧ್ಯಸ್ಥಗಾರರ ಮಂಡಳಿಗೆ ಹೋಗ್ಬೇಕು ಅಂತ 1986ರಲ್ಲೇ ಬರೆದಿತ್ತು. 2007ರ ಜನವರಿಯಲ್ಲಿ ಹೇಗ್ ಊರಿನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ ಕೂತ ಮಂಡಳಿ ಹೇಳಿತು, ಸುರಂಗದ ಬಾಗಿಲು ಕಾಯುವ ವಿಷಯದಲ್ಲಿ ಎರಡೂ ಸರಕಾರ ಮಾತಿಗೆ ತಪ್ಪಿದೆ ಅಂತ. ಒಂದು ಖಾಸಗಿ ಕಂಪೆನಿ ಎರಡು ದೊಡ್ಡ ದೇಶಗಳನ್ನು ಒಟ್ಟಿಗೆ ಎದುರು ಹಾಕಿಕೊಂಡು ಗೆದ್ದದ್ದು ಆ ಹಳೇ ಕಾಗದದ ಬಲದಿಂದ. ಬ್ರೆಕ್ಸಿಟ್ ಆದ ಮೇಲೆ ಸುರಂಗದಲ್ಲಿ ರೈಲು ಸುರಕ್ಷತೆಯ ನಿಯಮ ಇನ್ನು ಯಾರದ್ದು ಅಂತ ಮತ್ತೆ ಕೂತು ಲೆಕ್ಕ ಹಾಕ್ಬೇಕಾಯ್ತು, ಅದು ಬೇರೆ ಕತೆ.

ದುಡ್ಡಿನ ವಿಷಯದಲ್ಲಿ ಮಾತ್ರ ನನಗೆ ಕ್ಯಾಂಟರ್ಬರಿ ಒಪ್ಪಂದ ಸರಿ ಕಾಣುವುದಿಲ್ಲ. ಸರಕಾರದ ಒಂದು ಪೈಸೆ ಕೂಡ ಹಾಕುವುದಿಲ್ಲ, ಸಾಲಕ್ಕೆ ಗ್ಯಾರಂಟಿಯೂ ಕೊಡುವುದಿಲ್ಲ, ಎಲ್ಲ ಖಾಸಗಿಯವರೇ ನೋಡಿಕೊಳ್ಳಿ ಅಂತ ಮೊದಲನೇ ಕಲಮಿನಲ್ಲೇ ಬರೆದದ್ದು, ಅದು ಥ್ಯಾಚರಮ್ಮನ ಹಠ. ಅದಕ್ಕೆ ಬದಲು 55 ವರ್ಷ ಟೋಲ್ ವಸೂಲಿ ಮಾಡಿ, 2020ರ ಕೊನೆವರೆಗೆ ಪಕ್ಕದಲ್ಲಿ ಇನ್ನೊಂದು ಸುರಂಗಕ್ಕೆ ನಾವು ಬಿಡುವುದಿಲ್ಲ ಅಂತ ಆಸೆ ತೋರಿಸಿದ್ರು. ಆಯ್ತು, ಶೇರು ಬಿಟ್ಟರು, ಫ್ರಾನ್ಸಿನ ಲಕ್ಷಾಂತರ ಸಣ್ಣ ಸಣ್ಣ ಜನ ಉಳಿತಾಯದ ದುಡ್ಡು ಹಾಕಿದ್ರು, ಖರ್ಚು ಅಂದಾಜಿಗಿಂತ ಶೇ. 80ರಷ್ಟು ಮೇಲೆ ಹೋಯ್ತು, 1994ರ ಮೇ 6ಕ್ಕೆ ರಾಣಿ ಮತ್ತು ಮಿತ್ತರಾಂ ಬಂದು ಉದ್ಘಾಟನೆ ಮಾಡುವ ಹೊತ್ತಿಗೆ ಕಂಪೆನಿ ತಲೆ ಎತ್ತದ ಸಾಲದಲ್ಲಿ. ಗುತ್ತಿಗೆ 55 ವರ್ಷ ಇದ್ದದ್ದನ್ನು 65 ಮಾಡಿದ್ರು, ಆಮೇಲೆ 99, ಈಗ 2086ರವರೆಗೆ ಉಂಟು. 2006ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೊಡಿ ಅಂತ ಪ್ಯಾರಿಸಿನ ಕೋರ್ಟಿಗೆ ಹೋಗುವ ಗತಿ ಬಂತು. ಸುರಂಗ ಚೆನ್ನಾಗಿ ಓಡ್ತಾ ಉಂಟು, ಶೇರು ತಕೊಂಡ ಬಡಪಾಯಿಗಳು ಮುಳುಗಿದ್ರು. ನಮ್ಮ ಕಡೆ ಗಲ್ಫ್ ದುಡ್ಡು ತಂದು ಯಾವ್ಯಾವುದಕ್ಕೋ ಹಾಕಿ ಕಳಕೊಂಡವರ ಸಂಖ್ಯೆ ಕಡಿಮೆ ಇಲ್ಲ, ನಾಳೆ ದುಬೈ ರೈಲಿನ ಶೇರು ಅಂತ ಯಾರಾದ್ರೂ ಬಂದ್ರೆ ಇದು ನೆನಪಿರ್ಲಿ ಅಂತ ಇಷ್ಟುದ್ದ ಬರೆದೆ.

ಡೆನ್ಮಾರ್ಕಿನವರದ್ದು ಬೇರೆ ದಾರಿ, ನನಗೆ ಅದೇ ಮೇಲು. ಸ್ವೀಡನ್ ಜೊತೆ 1991ರಲ್ಲಿ ಒಪ್ಪಂದ ಮಾಡಿದ್ರು, ಓರೆಸುಂಡ್ ಅಂತ, ಅರ್ಧ ಸೇತುವೆ, ಮಧ್ಯೆ ಒಂದು ಕೃತಕ ದ್ವೀಪ, ಆಮೇಲೆ ವಿಮಾನ ನಿಲ್ದಾಣದ ಹತ್ತಿರ ಎತ್ತರದ ಕಂಬ ಬೇಡ ಅಂತ ಸುಮಾರು 4 ಕಿ.ಮೀ. ಸುರಂಗ, 2000ದ ಜುಲೈ 1ಕ್ಕೆ ತೆರೆದದ್ದು. ಕಂಪೆನಿ ಎರಡು ದೇಶದ್ದು ಅರ್ಧ ಅರ್ಧ, ಸಾಲಕ್ಕೆ ಎರಡೂ ಸರಕಾರ ಜಾಮೀನು, ಹಾಗಾಗಿ ಬಡ್ಡಿ ಕಡಿಮೆ, ಟೋಲಲ್ಲಿ ನಿಧಾನ ತೀರ್ತದೆ. ಜರ್ಮನಿ ಜೊತೆ 2008ರ ಸೆಪ್ಟೆಂಬರ್ 3ಕ್ಕೆ ಸಹಿ ಹಾಕಿದ ಫೆಮಾರ್ನ್ ಬೆಲ್ಟ್ ಒಪ್ಪಂದ ಇನ್ನೂ ವಿಚಿತ್ರ, 18 ಕಿ.ಮೀ. ಸುರಂಗದ ಪೂರ್ತಿ ಖರ್ಚು ಡೆನ್ಮಾರ್ಕಿನದ್ದೇ, ಮಾಲಿಕತ್ವವೂ ಅವರದ್ದೇ, ಟೋಲೂ ಅವರದ್ದೇ, ಜರ್ಮನಿ ತನ್ನ ಕಡೆಯ ರಸ್ತೆ, ರೈಲು ಹಳಿ ಮಾತ್ರ ಮಾಡಿ ಕೊಡ್ಬೇಕು. ಯಾರಿಗೆ ಜಾಸ್ತಿ ಬೇಕೋ ಅವರು ಜಾಸ್ತಿ ಹಾಕಿದ್ರು, ಅದನ್ನು ನಾಚಿಕೆ ಇಲ್ಲದೆ ಕಾಗದದಲ್ಲಿ ಬರೆದ್ರು. ಅದರಲ್ಲೂ ಜರ್ಮನಿಯ ಕೋರ್ಟಿನಲ್ಲಿ ಕೇಸು, ಯುರೋಪಿನ ಕೋರ್ಟಿನಲ್ಲಿ ಫೆರಿ ಕಂಪೆನಿಗಳ ಕೇಸು, 2020ರ ನವೆಂಬರಲ್ಲಿ ಲೈಪ್‌ಜಿಗ್ಗಿನ ಕೋರ್ಟು ದಾರಿ ಬಿಡುವವರೆಗೆ ಜರ್ಮನಿ ಕಡೆಯ ಕೆಲಸಕ್ಕೆ ನೆಮ್ಮದಿ ಇಲ್ಲ.

ಜಿಬ್ರಾಲ್ಟರ್ ಬಗ್ಗೆ ಒಂದೇ ಮಾತು, ಸ್ಪೇನ್ ಮತ್ತು ಮೊರಾಕೊ 1980ರಲ್ಲೇ ಒಪ್ಪಂದ ಮಾಡಿ ಎರಡು ದೇಶದಲ್ಲೂ ಅದಕ್ಕೆ ಅಂತಲೇ ಒಂದೊಂದು ಸರಕಾರಿ ಕಂಪೆನಿ ಮಾಡಿ ಕೂತಿದ್ದಾರೆ, ಸುರಂಗ ಇನ್ನೂ ಇಲ್ಲ, ಯಾಕಂದ್ರೆ ಅದು ಅಧ್ಯಯನ ಮಾಡುವ ಒಪ್ಪಂದ, ಕಟ್ಟುವ ಒಪ್ಪಂದ ಅಲ್ಲ. ಜಪಾನಿನವರು ಸೇಕಾನ್ ಸುರಂಗ 1988ರಲ್ಲೇ ತೆರೆದ್ರಲ್ಲ, ಸುಮಾರು 54 ಕಿ.ಮೀ., ಅವರಿಗೆ ಯಾಕೆ ಇಷ್ಟು ಕಿರಿಕಿರಿ ಆಗ್ಲಿಲ್ಲ ಅಂತ ಕೇಳಿದ್ರೆ, ಎರಡೂ ತುದಿ ಅವರದ್ದೇ ದೇಶ, ಅಷ್ಟೇ.

ಈಗ ನಮ್ಮ ಅರಬ್ಬಿ ಸಮುದ್ರಕ್ಕೆ ಬನ್ನಿ. ಮುಂಬೈ ದುಬೈ ಅಂತ ಎಲ್ಲರೂ ಹೇಳುವ ಈ ರೈಲು ಮೂಲದಲ್ಲಿ ಮುಂಬೈಯಿಂದ ಯುಎಇಯ ಫುಜೈರಾಕ್ಕೆ, 2018ರಲ್ಲಿ ಅಲ್ಲಿನ ಒಂದು ಸಲಹಾ ಸಂಸ್ಥೆ ಹೇಳಿದ ಕಲ್ಪನೆ ಅದು, ಸುಮಾರು 2000 ಕಿ.ಮೀ., ರೈಲಿನ ಜೊತೆಗೆ ಅಲ್ಲಿಂದ ಎಣ್ಣೆ ಇಲ್ಲಿಗೆ, ಇಲ್ಲಿಂದ ನರ್ಮದೆಯ ಹೆಚ್ಚಿನ ನೀರು ಅಲ್ಲಿಗೆ ಅಂತೆ. ನರ್ಮದೆಯ ನೀರಿಗೆ ನಮ್ಮದೇ ನಾಲ್ಕು ರಾಜ್ಯ ಟ್ರಿಬ್ಯೂನಲ್ಲಿಗೆ ಹೋಗಿ ಹಂಚಿಕೊಂಡದ್ದು ಇರ್ಲಿ. ಚಾನೆಲ್ ಸುರಂಗದ ಸಮುದ್ರದ ಅಡಿಯ ಭಾಗ 38 ಕಿ.ಮೀ., ಅದರ ಐವತ್ತು ಪಟ್ಟು ಇದು, ಮಧ್ಯೆ ಸಮುದ್ರ 3000 ಮೀಟರಿಗಿಂತ ಆಳ, ಅದಕ್ಕೇ ನೀರಿನೊಳಗೆ ತೇಲುವ ಕೊಳವೆ ಅಂತ ಚಿತ್ರ ಬಿಡಿಸಿದ್ದು. ಇಂಜಿನಿಯರ್ ಆಗ್ತದೆ ಅಂತಲೇ ಹೇಳ್ಲಿ, ಹಾಗಾದ್ರೂ ನಾನು ಕೇಳುವುದು ಸಹಿ.

ವಿಶ್ವಸಂಸ್ಥೆಯ ಸಮುದ್ರ ಕಾನೂನು ಅಂತ ಉಂಟು, 1982ರದ್ದು, ಭಾರತ 1995ರಲ್ಲಿ ಒಪ್ಪಿಕೊಂಡದ್ದು. ಅದರಲ್ಲಿ ದಡದಿಂದ 12 ನಾಟಿಕಲ್ ಮೈಲು, ಅಂದ್ರೆ ಸುಮಾರು 22 ಕಿ.ಮೀ., ಪೂರ್ತಿ ಆ ದೇಶದ್ದೇ, ಅದರಾಚೆ ದಡದಿಂದ 200 ನಾಟಿಕಲ್ ಮೈಲಿನವರೆಗೆ ಮೀನು, ಎಣ್ಣೆ, ಸಮುದ್ರದಲ್ಲಿ ಕಟ್ಟುವ ಕಟ್ಟಡಗಳ ಮೇಲೆ ಆ ದೇಶದ ಅಧಿಕಾರ. ಕೇಬಲ್ಲು, ಪೈಪ್‌ಲೈನು ಹಾಕ್ಲಿಕ್ಕೆ ಬೇರೆ ದೇಶಗಳಿಗೂ ಸ್ವಾತಂತ್ರ್ಯ ಉಂಟು. ದಡದ ದೇಶ ತನ್ನ ಸಮುದ್ರದ ಅಡಿ ಸುರಂಗ ತೋಡಿ ಖನಿಜ ತೆಗೆಯಬಹುದು, ಮೇಲೆ ನೀರು ಎಷ್ಟು ಆಳ ಇದ್ರೂ ಅಡ್ಡಿ ಇಲ್ಲ ಅಂತ 85ನೇ ವಿಧಿಯಲ್ಲಿ ಬರೆದಿದೆ. ಎರಡು ದೇಶದ ನಡುವೆ ಜನ ಸಾಗಿಸುವ ರೈಲಿಗೆ ರೆಡಿಮೇಡ್ ನಿಯಮ ಅಲ್ಲಿಲ್ಲ, ಅದನ್ನು ಆಯಾ ದೇಶಗಳೇ ಕೂತು ಮಾಡಿಕೊಳ್ಬೇಕು.

ಮ್ಯಾಪ್ ತೆಗೆದು ಮುಂಬೈ ಮತ್ತು ಫುಜೈರಾ ನಡುವೆ ಸ್ಕೇಲ್ ಇಟ್ಟು ಗೆರೆ ಎಳೀರಿ. ಅದು ಭಾರತದ್ದು ಮತ್ತು ಯುಎಇಯದ್ದು ಎರಡೇ ಸಮುದ್ರದಲ್ಲಿ ಹೋಗುವುದಿಲ್ಲ. ಮಕ್ರಾನ್ ಕರಾವಳಿಯಿಂದ 200 ಮೈಲಿನೊಳಗೆ ಹೋಗ್ತದೆ, ಅದು ಪಾಕಿಸ್ತಾನದ್ದು, ಮಸ್ಕತ್ತಿನ ಎದುರಿಗೆ ಹೋಗ್ತದೆ, ಅದು ಒಮಾನಿನದ್ದು. ಅಂದ್ರೆ ಎರಡು ಸಹಿ ಸಾಲುವುದಿಲ್ಲ, ಕಮ್ಮಿ ಅಂದ್ರೆ ನಾಲ್ಕು. ಪಾಕಿಸ್ತಾನ ಮತ್ತು ಒಮಾನ್ 2000ದಲ್ಲಿ ಅವರವರ ನಡುವಿನ ಸಮುದ್ರ ಗಡಿ ಮಾಡಿಕೊಂಡಾಗಿದೆ. ನಮಗೂ ಪಾಕಿಸ್ತಾನಕ್ಕೂ? ಕಚ್ಛಿನ ಸರ್ ಕ್ರೀಕ್ ಅನ್ನುವ ಕೆಸರಿನ ಅಳಿವೆಯಲ್ಲಿ ಗೆರೆ ಮಧ್ಯದಲ್ಲಾ, ಒಂದು ದಡದಲ್ಲಾ ಅಂತ ತೀರ್ಮಾನ ಆಗದೆ ಅಲ್ಲಿಂದ ಮುಂದೆ ಸಮುದ್ರದಲ್ಲಿ ಗಡಿಯೇ ನಿಂತಿಲ್ಲ, ಅದಕ್ಕೇ ಅಲ್ವಾ ಗುಜರಾತಿನ ಬೋಟಿನವರನ್ನು ಅವರು ಹಿಡಿಯುವುದು, ಅವರ ಬೋಟಿನವರನ್ನು ನಾವು ಹಿಡಿಯುವುದು. ಇಂಗ್ಲಿಷರೂ ಫ್ರೆಂಚರೂ ಸುರಂಗಕ್ಕೆ ನಾಲ್ಕು ವರ್ಷ ಮೊದಲೇ ಗೆರೆ ಹಾಕಿ ಇಟ್ಟಿದ್ರು. ಇಲ್ಲಿ ಗೆರೆಯೇ ಇಲ್ಲದ ಕಡೆ ಕೊಳವೆ ಇಳಿಸುವ ಚಿತ್ರ ನಿಮ್ಮ ಪತ್ರಿಕೆಯಲ್ಲಿ ಬಣ್ಣದಲ್ಲಿ ಬಂದಿದೆ.

ಇಷ್ಟೆಲ್ಲ ಒಬ್ಬ ಕಾಸರಗೋಡಿನವನಿಗೆ ಯಾಕೆ ಅಂತ ನಿಮ್ಮ ಬೆಂಗಳೂರು ಡೆಸ್ಕಿನವರಿಗೆ ಅನ್ನಿಸಬಹುದು. ಗಡಿಯಲ್ಲಿ ಇರುವವರಿಗೆ ಈ ಕಾಗದದ ಬೆಲೆ ಬೇಗ ಗೊತ್ತಾಗ್ತದೆ ಸ್ವಾಮಿ. ಕಾಸರಗೋಡು ಮಂಗಳೂರು ರೂಟಲ್ಲಿ ಒಂದು ಕೇರಳದ ಕೆಎಸ್ಸಾರ್ಟಿಸಿ, ಅದರ ಹಿಂದೆಯೇ ಒಂದು ಕರ್ನಾಟಕದ ಕೆಎಸ್ಸಾರ್ಟಿಸಿ ಹೋಗ್ತದಲ್ಲ, ಅದು ಯಾರೋ ಡ್ರೈವರ್ ಮನಸ್ಸು ಮಾಡಿ ಹೋಗುವುದಲ್ಲ, ಎರಡು ರಾಜ್ಯ ಕೂತು ಒಪ್ಪಂದ ಮಾಡಿ ಪರ್ಮಿಟ್ ಹಂಚಿಕೊಂಡದ್ದು. ಒಂದೇ ದೇಶದ ಒಳಗೆ 50 ಕಿ.ಮೀ. ಬಸ್ಸಿಗೆ ಇಷ್ಟು ಬೇಕು. 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂತ ತಲಪಾಡಿ ಮುಚ್ಚಿ ಒಳ ರಸ್ತೆಗಳಿಗೆ ಮಣ್ಣು ಸುರಿದಾಗ ಇಲ್ಲಿನ ರೋಗಿಗಳು ಮಂಗಳೂರಿಗೆ ಹೋಗ್ಲಿಕ್ಕಾಗದೆ ಪಟ್ಟ ಪಾಡು ನಮಗೆಲ್ಲ ಗೊತ್ತುಂಟು, ಆಂಬುಲೆನ್ಸಿಗೆ ದಾರಿ ಬಿಡ್ಲಿಕ್ಕೆ ಮೊದಲು ಕೇರಳ ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು, ಕೊನೆಗೆ ಎರಡು ರಾಜ್ಯ ಮತ್ತು ಕೇಂದ್ರ ಕೂತು ಯಾವ ರೋಗಿಯನ್ನು ಬಿಡುವುದು, ಎಂತ ಸರ್ಟಿಫಿಕೇಟ್ ಬೇಕು ಅಂತ ಒಂದು ಪ್ರೋಟೋಕಾಲ್ ಬರೆದ ಮೇಲೆಯೇ ಗೇಟು ಸ್ವಲ್ಪ ತೆರೆದದ್ದು. ಕ್ಯಾಂಟರ್ಬರಿ ಒಪ್ಪಂದದಲ್ಲಿ ಪ್ರಕೃತಿ ವಿಕೋಪ, ಭಯೋತ್ಪಾದನೆ, ಯುದ್ಧ ಬಂದ್ರೆ ಸುರಂಗ ಮುಚ್ಚುವ ಅಧಿಕಾರ ಯಾರಿಗೆ, ಮುಚ್ಚುವ ಮೊದಲು ಆಚೆಯವರಿಗೆ ಹೇಳ್ಬೇಕಾ ಅಂತ ಮೊದಲೇ ಬರೆದದ್ದು ಓದುವಾಗ ನನಗೆ ನೆನಪಾದದ್ದು ತಲಪಾಡಿಯ ಆ ದಿನಗಳು. ನಮ್ಮಲ್ಲಿ ಬರೆದಿಟ್ಟಿರ್ಲಿಲ್ಲ.

ಮತ್ತೆ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮೇಲೆ ಕಾಣಿಯೂರಿಗೆ ಸುಮಾರು 90 ಕಿ.ಮೀ. ರೈಲು ದಾರಿ ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೇವೆ. ಸಮುದ್ರ ಇಲ್ಲ, ತಿಮಿಂಗಿಲ ಇಲ್ಲ, ಪಾಸ್‌ಪೋರ್ಟ್ ಬೇಡ, ಸರ್ವೆ ಕೂಡ ಆಗಿದೆ. ಎರಡು ರಾಜ್ಯ ಒಟ್ಟಿಗೆ ಒಪ್ಪಿ ಖರ್ಚಿನ ಪಾಲು ಬರೆದು ಕೊಡುವುದೊಂದೇ ಬಾಕಿ ಅಂತ ಪ್ರತಿ ಎಲೆಕ್ಷನ್ನಿಗೆ ಭಾಷಣ. ಅದಕ್ಕೆ ನಿಮ್ಮಲ್ಲಿ ಅರ್ಧ ಪುಟ ಬಂದದ್ದು ನಾನು ನೋಡ್ಲಿಲ್ಲ.

ಭಾರತಕ್ಕೆ ಸಮುದ್ರ ದಾಟುವ ದಾರಿ ಯಾವುದಾದ್ರೂ ಮೊದಲು ಆಗುವುದಿದ್ರೆ ಅದು ರಾಮೇಶ್ವರದ ಆಚೆ ಶ್ರೀಲಂಕಾದ ತಲೈಮನ್ನಾರಿಗೆ ಅಂತ ನನ್ನ ಅಂದಾಜು. ನೀರು ಆಳ ಇಲ್ಲ, 1964ರ ಚಂಡಮಾರುತದಲ್ಲಿ ಧನುಷ್ಕೋಡಿ ಹೋಗುವವರೆಗೆ ರೈಲು, ಹಡಗು ಸೇರಿ ಆ ದಾರಿ ಓಡ್ತಾನೂ ಇತ್ತು, ಸಮುದ್ರ ಗಡಿಯ ಗೆರೆ ಕೂಡ 1974 ಮತ್ತು 1976ರ ಒಪ್ಪಂದದಲ್ಲಿ ಎಳೆದಾಗಿದೆ. ಕಚ್ಚತೀವು ಅನ್ನುವ ಸಣ್ಣ ದ್ವೀಪ ಲಂಕೆಗೆ ಹೋದದ್ದಕ್ಕೆ ತಮಿಳುನಾಡಿನವರಿಗೆ ಇವತ್ತಿಗೂ ಸಿಟ್ಟುಂಟು, ಮೀನುಗಾರರ ಕಷ್ಟ ನಿಜವಾದದ್ದೇ, ಆ ಸಿಟ್ಟನ್ನು ಬದಿಗೆ ಹಾಕಿ ಅಲ್ಲಿ ಕಂಬ ಊರ್ಲಿಕ್ಕೆ ಆಗ್ಲಿಕ್ಕಿಲ್ಲ. 2023ರ ಜುಲೈಯಲ್ಲಿ ಮೋದಿ ಮತ್ತು ಆಗಿನ ಲಂಕಾ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ ಹೊರಡಿಸಿದ ಜಂಟಿ ಪತ್ರದಲ್ಲಿ ಭೂಸಂಪರ್ಕ ಆಗ್ತದಾ ಅಂತ ಅಧ್ಯಯನ ಮಾಡುವ ಮಾತು ಬಂದಿತ್ತು. ಜಿಬ್ರಾಲ್ಟರಿನ ಹಾಗೆ ಅದೂ ಅಧ್ಯಯನದ ಮಾತು ಅಂತ ಓದುಗರಿಗೆ ಬಿಡಿಸಿ ಹೇಳುವ ಕೆಲಸ ನಿಮ್ಮದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಇನ್ನು ಮೇಲೆ ಇಂಥ ಸುದ್ದಿ ಹಾಕುವಾಗ ಕೆಳಗೆ ಒಂದು ಸಣ್ಣ ಬಾಕ್ಸ್ ಹಾಕಿ, ಒಪ್ಪಂದ ಆಗಿದೆಯಾ, ಆಗಿದ್ರೆ ಅಧ್ಯಯನಕ್ಕಾ ಕಟ್ಟಲಿಕ್ಕಾ, ಸಂಸತ್ತು ಅನುಮೋದಿಸಿದೆಯಾ, ಖರ್ಚು ಯಾರದ್ದು ಅಂತ. ಆ ತಿಮಿಂಗಿಲದ ಜಾಗದಲ್ಲಿ ಧಾರಾಳ ಹಿಡೀತದೆ. ಮತ್ತೆ ಕಾಣಿಯೂರು ಲೈನಿನ ಫೈಲು ತಿರುವನಂತಪುರದಲ್ಲಿ ಎಲ್ಲಿಗೆ ಬಂದಿದೆ, ಬೆಂಗಳೂರಲ್ಲಿ ಎಲ್ಲಿಗೆ ಬಂದಿದೆ ಅಂತ ನಿಮ್ಮ ಎರಡೂ ಊರಿನ ವರದಿಗಾರರಿಂದ ಒಂದು ಸಲ ಕೇಳಿಸಿ ಹಾಕಿ, ಅಷ್ಟು ಮಾಡಿದ್ರೆ ಉಪಕಾರ ಆಗ್ತದೆ.

ಇತಿ ನಿಮ್ಮ ಹಳೇ ಓದುಗ,
ಉಪ್ಪಳ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ